ಬಣ್ಣ ತೊಳೆದ ಕುರಿಯೂ ಉಮಾಕಾಂತನ ಸತ್ಕಾರವೂ

ಗಡಿಯಾಚೆ ಮಹಾರಾಷ್ಟ್ರದ ಉಮರ್ಗಾದ ತಹಸೀಲ್ ಕಚೇರಿಯ ಎದುರಿಗೆ, ಬೇವಿನ ಮರದ ಕೆಳಗೆ ಉಮಾಕಾಂತನ ಟೈಪಿಂಗ್ ಅಂಗಡಿ. ಅಂಗಡಿ ಎಂದರೆ ತಗಡಿನ ಒಂದು ಖೋಲಿ, ಅದರೊಳಗೆ ಎರಡು ಮುದಿ ಕಂಪ್ಯೂಟರು, ಕೆಮ್ಮುತ್ತ ಕೆಲಸ ಮಾಡುವ ಒಂದು ಪ್ರಿಂಟರು, ಹೊರಗೆ ಗಿರಾಕಿಗಳು ಕೂಡಲಿಕ್ಕೆ ಒಂದು ಬಾಕು. ಹೊಲ ಹಂಚಿಕೊಳ್ಳುವ ಅಣ್ಣತಮ್ಮಂದಿರು, ಹುಟ್ಟಿದ ತಾರೀಖು ತಪ್ಪಿದವರು, ಹೆಸರು ಬದಲಿಸಿಕೊಳ್ಳುವವರು ಎಲ್ಲ ಅವನ ಮುಂದೆ ಕೂತು ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ಅವನು ಅದನ್ನು ಮರಾಠಿಯಲ್ಲಿ ಕುಟ್ಟಿ, ಕೊನೆಗೆ 'ಮೇಲೆ ಹೇಳಿದ್ದೆಲ್ಲ ನಿಜ' ಎಂದು ಸೇರಿಸಿ, ಸಹಿ ಮಾಡಿಸಿ ಕಳಿಸುತ್ತಾನೆ. ಊರಿನವರ ನಿಜವನ್ನೆಲ್ಲ ಹೀಗೆ ಟೈಪು ಮಾಡಿಕೊಟ್ಟ ಮನುಷ್ಯ ತನ್ನದೊಂದು ಸುಳ್ಳಿನಲ್ಲಿ ಹೇಗೆ ಸಿಕ್ಕಿಬಿದ್ದ ಎಂಬುದನ್ನು ಈಗ ಹೇಳಬೇಕಾಗಿದೆ.

ಉಮಾಕಾಂತನಿಗೆ ಉಣ್ಣಲಿಕ್ಕೆ ಕೊರತೆ ಇರಲಿಲ್ಲ. ಇದ್ದ ಕೊರತೆ ಒಂದೇ, ಹೆಂಡತಿಯ ತವರಿನಲ್ಲಿ ಖುರ್ಚಿ. ನಿಲಂಗಾದಲ್ಲಿರುವ ಅತ್ತೆ ಶಿವಗಂಗಾಬಾಯಿಯ ಮನೆಯಲ್ಲಿ ಕೈ ಇರುವ ಖುರ್ಚಿ ಒಂದೇ ಒಂದು. ಅದು ಹಿರಿಯ ಅಳಿಯನದು, ಏಕೆಂದರೆ ಅವನು ಗ್ರಾಮಸೇವಕ. ಕಿರಿಯ ಅಳಿಯ ಉಮಾಕಾಂತನಿಗೆ ಯಾವಾಗಲೂ ನೂಲಿನ ಹೊರಸು, ಅದೂ ನಡುವೆ ಜೋಲುಬಿದ್ದದ್ದು. ಯಾರಾದರೂ ಈ ಅಳಿಯ ಏನು ಮಾಡುತ್ತಾನೆಂದು ಕೇಳಿದರೆ ಅತ್ತೆ, "ಉಮರ್ಗ್ಯಾನ ತಹಸೀಲ್ ಕಚೇರಿ ಮುಂದ ಇರ್ತಾರ" ಎನ್ನುವಳು. 'ಮುಂದ' ಎಂಬ ಮಾತು ಬಂದಾಗ ಮಾತ್ರ ಅವಳಿಗೆ ಕೆಮ್ಮು ಬರುತ್ತಿತ್ತು.

ಇನ್ನು ಕಂಪ್ಯೂಟರಿನ ವಿಷಯ. ಇದನ್ನು ತುಸು ತಾಳ್ಮೆಯಿಂದ ಕೇಳಬೇಕು. ಉಮಾಕಾಂತನ ಕಂಪ್ಯೂಟರುಗಳಿಗೆ ಹೊಸ ವಿಂಡೋಸು ಹಾಕಿದರೆ ಅವು ಮಲಗಿದಲ್ಲಿಂದ ಏಳುತ್ತಿರಲಿಲ್ಲ. ಕದ್ದ ವಿಂಡೋಸು ಹಾಕಲಿಕ್ಕೆ ಅವನಿಗೆ ಅಂಜಿಕೆ. ಕಳ್ಳತನವೆಂದರೆ ಅವನಿಗೆ ಆಗದು, ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಜಗತ್ತಿನಲ್ಲಿ ಕೆಲವು ಒಳ್ಳೆಯ ಮಂದಿ ಸೇರಿಕೊಂಡು ವಿಂಡೋಸಿನ ಕೆಲಸವನ್ನೇ ಮಾಡುವ, ಆದರೆ ಎಲ್ಲರಿಗೂ ಬಾಗಿಲು ತೆರೆದಿಟ್ಟ ಪ್ರಾಜೆಕ್ಟುಗಳನ್ನು ಕಟ್ಟುತ್ತಾರೆ. ಅಂಥವು ಎರಡಿದ್ದವು. ಅವುಗಳ ಇಂಗ್ಲಿಷ್ ಹೆಸರು ನಮಗೆ ಬೇಡ, ದೊಡ್ಡಮನೆ, ಸಣ್ಣಮನೆ ಎನ್ನೋಣ. ದೊಡ್ಡಮನೆಯವರು ವಿಂಡೋಸಿನ ಪ್ರೋಗ್ರಾಮುಗಳನ್ನು ಬೇರೆ ವ್ಯವಸ್ಥೆಯ ಮೇಲೆ ನಡೆಸಿ ತೋರಿಸುವವರು. ಸಣ್ಣಮನೆಯವರು ವಿಂಡೋಸಿನಂಥ ಇಡೀ ವ್ಯವಸ್ಥೆಯನ್ನೇ ಬುನಾದಿಯಿಂದ ಕಟ್ಟುವವರು. ಎರಡೂ ಮನೆಗಳ ನಡುವೆ ಕೊಟ್ಟು ತಗೊಳ್ಳುವುದು ನಡೆದೇ ಇತ್ತು. ಅಲ್ಲಿ ಬರೆದ ಕೋಡನ್ನು ಇಲ್ಲಿಗೆ ತಂದು, ಇಲ್ಲಿಗೆ ಹೊಂದುವಂತೆ ತಿದ್ದಿ ಕೂಡಿಸಬಹುದು. ಯಾರೂ ಒಂದು ಕವಡೆ ಕೇಳುವುದಿಲ್ಲ. ಬರೆದವರ ಹೆಸರು ಮೇಲೆ ಇದ್ದಂತೆಯೇ ಇರಲಿ ಎಂದಷ್ಟೇ ಕೇಳುತ್ತಾರೆ.

ಉಮಾಕಾಂತ ಸಣ್ಣಮನೆಯ ವ್ಯವಸ್ಥೆ ಹಾಕಿಕೊಂಡ. ಎಲ್ಲ ಚೆನ್ನಾಗಿತ್ತು, ಅವನ ಹಳೆಯ ಮರಾಠಿ ಟೈಪಿಂಗ್ ಪ್ರೋಗ್ರಾಮು ಮಾತ್ರ ಪ್ರಿಂಟಿಗೆ ಬಂದಾಗ ಅಕ್ಷರ ಒಂದು ಕಡೆ, ಅದರ ಕೊಂಬು ಇನ್ನೊಂದು ಕಡೆ ಬೀಳುತ್ತಿದ್ದವು. ಹುಡುಕುತ್ತ ಹೋದಾಗ ದೊಡ್ಡಮನೆಯಲ್ಲಿ ಯಾರೋ ಪುಣ್ಯಾತ್ಮರು ಇದೇ ರೋಗಕ್ಕೆ ಔಷಧ ಬರೆದಿಟ್ಟಿದ್ದು ಕಂಡಿತು. ಮೇಲೆ 'ವಿ. ಕೆ.' ಎಂದು ಹೆಸರು, ಕೆಳಗೆ ಒಂದು ಈಮೇಲ್ ವಿಳಾಸ. ಯಾರೋ ಅಮೆರಿಕದ ಬಿಳಿಯ ಇರಬೇಕು ಎಂದುಕೊಂಡ. ಯೂಟ್ಯೂಬು ನೋಡಿ ಕಲಿತ ವಿದ್ಯೆಯಿಂದ ಕಾಲುಭಾಗ ತಿಳಿದುಕೊಂಡು, ಮುಕ್ಕಾಲು ಭಾಗ ಮನೆದೇವರು ಬೀರಪ್ಪನ ಮೇಲೆ ಭಾರ ಹಾಕಿ, ಆ ಸಾಲುಗಳನ್ನು ಸಣ್ಣಮನೆಗೆ ಹೊಂದಿಸಿದ. ಪ್ರಿಂಟು ತೆಗೆದ. ಕೊಂಬುಗಳೆಲ್ಲ ತಮ್ಮ ತಮ್ಮ ಅಕ್ಷರದ ತಲೆಯ ಮೇಲೆ ಬಂದು ಕೂತಿದ್ದವು.

ಇಲ್ಲಿಯವರೆಗೆ ತಪ್ಪಿಲ್ಲ. ತಪ್ಪು ನಡೆದದ್ದು ಮುಂದಿನ ಗಳಿಗೆಯಲ್ಲಿ, ಅದೂ ಕುರಿಯ ದೆಸೆಯಿಂದ. ಉಮಾಕಾಂತ ಮಾಕಣಿಯ ಕುರಿಗಾರರ ಮನೆಯ ಮಗ. ಬೇರೆ ಹಟ್ಟಿಯ ಕುರಿ ಕೊಂಡು ತಂದರೆ ಅವನ ಅಪ್ಪ ಅಂಬಣ್ಣ ಮೊದಲು ಮಾಡುವ ಕೆಲಸ, ಅದನ್ನು ನೀರಿಗಿಳಿಸಿ ಬೆನ್ನ ಮೇಲಿನ ಹಳೇ ಬಣ್ಣ ತೊಳೆಯುವುದು. ತೊಳೆದರೂ ಹೋಗದಿದ್ದರೆ ಅಷ್ಟು ಉಣ್ಣೆ ಕತ್ತರಿಸುವುದು. ಆಮೇಲೆ ತನ್ನ ಹಟ್ಟಿಯ ಕೆಮ್ಮಣ್ಣಿನ ಗುರುತು ಬಳಿಯುವುದು. ಹಳೇ ಗುರುತು ಬಿಟ್ಟರೆ ನಾಳೆ ಜಗಳ. ಹುಟ್ಟಿದಾಗಿನಿಂದ ಇದನ್ನು ನೋಡುತ್ತ ಬೆಳೆದ ಮಗನ ಕೈ ತಾನಾಗಿಯೇ 'ವಿ. ಕೆ.'ಯನ್ನು ಅಳಿಸಿತು, ಆ ಜಾಗದಲ್ಲಿ 'ಉಮಾಕಾಂತ, ಉಮರ್ಗಾ' ಎಂದು ಬಳಿಯಿತು. ಬಳಿದು ಸಣ್ಣಮನೆಗೆ ಕಳಿಸಿಬಿಟ್ಟ.

ಸಣ್ಣಮನೆಯ ಹಿರಿಯನೊಬ್ಬ ಅಲ್ಲಿಂದ ಕೇಳಿದ: ಇದು ನೀವೇ ಬರೆದದ್ದೇ? ತಹಸೀಲ್ ಕಚೇರಿಯ ಎದುರಿಗೆ ಬದುಕಿದವನಿಗೆ ಒಂದು ಚಟ ಬಿದ್ದಿರುತ್ತದೆ. ಮೇಲಿನವರು ಏನೇ ಕೇಳಲಿ, ಅರ್ಥವಾಗುವ ಮೊದಲೇ ಬಾಯಿಂದ 'ಹೌದು ಸಾಹೇಬ್ರ' ಬಂದುಬಿಡುತ್ತದೆ. ಉಮಾಕಾಂತ 'ಯಸ್ ಸರ್' ಎಂದು ಕುಟ್ಟಿದ. ಕಳಿಸಿದ ಮೇಲೆ ಪ್ರಶ್ನೆಯನ್ನು ಇನ್ನೊಮ್ಮೆ ಓದಿದ. ಕಂಪ್ಯೂಟರು ಆರಿಸಿ ಹೊರಗೆ ಬಂದು ಬಾಕಿನ ಮೇಲೆ ಕೂತ.

ಅದು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸಣ್ಣಮನೆಯ ಹೊಸ ಆವೃತ್ತಿ ಹೊರಬಂದಾಗ ಕೆಲಸ ಮಾಡಿದವರಿಗೆಲ್ಲ ಹೆಸರು ಹೇಳಿ ವಂದನೆ ತಿಳಿಸಿದರು. ಅದನ್ನು ಉಮಾಕಾಂತ ಮೊಬೈಲಿನಲ್ಲಿ ತನ್ನಷ್ಟಕ್ಕೆ ನೋಡಿಕೊಳ್ಳುತ್ತಿದ್ದಾಗ ಹೆಂಡತಿ ಸಾರಿಕಾಳ ತಮ್ಮ ಶಿವಾಜಿ ಬೆನ್ನ ಹಿಂದೆ ಬಂದು ನಿಂತಿದ್ದ. ಶಿವಾಜಿಗೆ ತುರೋರಿಯ ಹೆದ್ದಾರಿ ಬದಿಯಲ್ಲಿ ಫ್ಲೆಕ್ಸ್ ಪ್ರಿಂಟಿಂಗಿನ ಅಂಗಡಿ. ಹುಟ್ಟುಹಬ್ಬ, ಚುನಾವಣೆ, ಎಮ್ಮೆಗೆ ಬಂದ ಬಹುಮಾನ, ಯಾವುದನ್ನೂ ಅವನು ಕೈಬಿಟ್ಟವನಲ್ಲ. ಅಕ್ಕನ ಗಂಡನನ್ನು ಅವನು ಕರೆಯುವುದು 'ದಾಜಿ' ಎಂದು.

"ದಾಜಿ, ಇದರಾಗ ನಿಮ್ಮ ಹೆಸರು ಅದ!"

"ಅದ ಬಿಡೋ. ಸಣ್ಣದೊಂದು ಕೆಲಸ."

"ಸಣ್ಣದಾ? ಮ್ಯಾಲ ಜರ್ಮನಿ, ತೆಳಗ ರಷ್ಯಾ, ನಡುವ ಉಮರ್ಗಾ! ಲಯ್ ಭಾರಿ ದಾಜಿ! ಏನ್ ಮಾಡೀರಿ ನೀವು ಇದರಾಗ?"

ಉಮಾಕಾಂತ ಹೇಳಲು ನೋಡಿದ. "ವಿಂಡೋಸ್ ಇಲ್ಲದ ವಿಂಡೋಸಿನ ಕೆಲಸ ಆಗಬೇಕಂದ್ರ..."

"ತಿಳೀತು," ಎಂದು ಶಿವಾಜಿ ಹೊರಟೇಹೋದ. ಅವನಿಗೆ ಅಷ್ಟು ಸಾಕಿತ್ತು.

ಮರುದಿನ ತಹಸೀಲ್ ಕಚೇರಿಯ ಮುಂದಿನ ಚೌಕಿನಲ್ಲಿ ಮನೆಯ ಗೋಡೆಯಷ್ಟು ಫ್ಲೆಕ್ಸು. ಅದರಲ್ಲಿ ಉಮಾಕಾಂತ ತಾನು ಎಂದೂ ಹಾಕದ ನೀಲಿ ಕೋಟು ಹಾಕಿಕೊಂಡು ಕೈಮುಗಿದು ನಿಂತಿದ್ದ. ಬೆನ್ನ ಹಿಂದೆ ಒಂದು ರಾಕೆಟ್ಟು ಹೊಗೆ ಬಿಡುತ್ತ ಏರುತ್ತಿತ್ತು. 'ವಿಂಡೋಸಿಗೆ ಪರ್ಯಾಯ ಕಂಡುಹಿಡಿದ ಉಮರ್ಗಾದ ಸುಪುತ್ರನಿಗೆ ಹಾರ್ದಿಕ ಅಭಿನಂದನೆ' ಎಂದು ಮರಾಠಿಯಲ್ಲಿ. ಕೆಳಗೆ ಕಪ್ಪು ಕನ್ನಡಕದ ಶುಭೇಚ್ಛುಕರ ಸಾಲು, ಅವರಲ್ಲಿ ಎಲ್ಲಕ್ಕೂ ದೊಡ್ಡ ಮುಖ ಶಿವಾಜಿಯದು.

"ರಾಕೆಟ್ ಯಾಕೋ ಶಿವಾಜಿ?" ಎಂದ ಉಮಾಕಾಂತ.

"ವಿಜ್ಞಾನ ಅಂತ ಮಂದಿಗಿ ಹ್ಯಾಂಗ ತಿಳೀಬೇಕು ದಾಜಿ?"

ಮಂದಿಗೆ ತಿಳಿಯಿತು. ತಹಸೀಲಿನ ಕಾರಕೂನ ದತ್ತಾತ್ರಿ, ನಿನ್ನೆಯವರೆಗೆ ಕಿಟಕಿಯಿಂದ "ಏ ಟೈಪಿಂಗ್!" ಎಂದು ಕೂಗುತ್ತಿದ್ದವನು, ಇಂದು ಚಹಾ ಹಿಡಿದುಕೊಂಡು ತಾನೇ ಬಂದ. "ಉಮಾಕಾಂತ ಸಾಹೇಬ್ರ, ನಮ್ಮ ಕಚೇರಿ ಕಂಪ್ಯೂಟರ್ ತುಸು ಸುಸ್ತ ನಡೀತದ. ನೀವು ಒಂದ್ಸಲ ಕೈ ಮುಟ್ಟಿದ್ರ ಸಾಕು." ಉಮಾಕಾಂತ ಮುಟ್ಟಿದ. ಅದು ಅಂದಿನಿಂದ ಪೂರ್ತಿ ನಿಂತಿತು. ದತ್ತಾತ್ರಿ ಬೇಸರ ಮಾಡಿಕೊಳ್ಳಲಿಲ್ಲ. "ಇಂಥ ದೊಡ್ಡ ಕೈಗಿ ಸರಕಾರಿ ಮಾಲು ತಡೀಲಿಲ್ಲ" ಎಂದು ಕಚೇರಿಯ ತುಂಬ ಹೇಳುತ್ತ ತಿರುಗಿದ. ಎದುರುಮನೆಯ ಶಕುಂತಲಾಬಾಯಿ ತನ್ನ ಟಿವಿ ರಿಮೋಟು ತಂದಳು. ಒಬ್ಬ ಹವಾಲ್ದಾರ ಹೆಂಡತಿಯ ಮೊಬೈಲು ತಂದು, ಲಾಕು ತೆಗೆದುಕೊಡಿ, ಆಕೆಗೆ ತಿಳಿಯಬಾರದು ಎಂದ. ಬಾಕಿನ ಮೇಲೆ ಜಾಗ ಸಾಲದೆ ಮಂದಿ ಬೇವಿನ ಬುಡಕ್ಕೆ ಕೂತರು. ಎಲ್ಲರೂ ಫ್ಲೆಕ್ಸನ್ನು ಒಮ್ಮೆ, ಉಮಾಕಾಂತನನ್ನು ಒಮ್ಮೆ ನೋಡುವರು. ನೋಡಿದಾಗಲೆಲ್ಲ ಅವನಿಗೆ ನೆಲ ಬಾಯಿಬಿಡಬಾರದೇ ಅನಿಸುತ್ತಿತ್ತು.

ಸಾರಿಕಾಳಿಗಾದರೂ ನಿಜ ಹೇಳಬೇಕೆಂದು ನಿಲಂಗಾಕ್ಕೆ ಹೋಗುವ ಎಸ್‌ಟಿ ಬಸ್ಸಿನಲ್ಲಿ ಬಾಯಿ ತೆರೆದ. "ಸಾರಿಕಾ, ಆ ಫ್ಲೆಕ್ಸಿನ ಮಾತು ಅಷ್ಟು ಖರೆ ಅಲ್ಲ..."

"ಗೊತ್ತದ ನಂಗ," ಎಂದಳು ಸಾರಿಕಾ. "ನಿಮಗ ಹೊಗಳಿಕಿ ಆಗಂಗಿಲ್ಲ. ಖರೆ ಹೇಳಲೇನ್ರಿ, ಇಷ್ಟು ವರ್ಷ ತವರಿಗಿ ಹೋದ್ರ ನಾ ಅಡಗಿ ಮನ್ಯಾಗೇ ಕೂಡ್ತಿದ್ದೆ. ನಿಮ್ಮನ್ನ ಹೊರಸಿನ ಮ್ಯಾಲ ನೋಡ್ಲಾಕ ಆಗ್ತಿರಲಿಲ್ಲ ನಂಗ." ಹೇಳುತ್ತ ಕಿಟಕಿಯ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಉಮಾಕಾಂತ ತೆರೆದ ಬಾಯಿಯನ್ನು ಒಂದು ಆಕಳಿಕೆ ಮಾಡಿ ಮುಚ್ಚಿದ.

ನಿಲಂಗಾದಲ್ಲಿ ಬಾಗಿಲಿಗೇ ಶಿವಗಂಗಾಬಾಯಿ ಆರತಿ ಹಿಡಿದು ನಿಂತಿದ್ದಳು. ಒಳಗೆ ಕೈ ಇರುವ ಖುರ್ಚಿಯಲ್ಲಿ ಗ್ರಾಮಸೇವಕ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅತ್ತೆ ಆ ಕಡೆ ತಿರುಗಿ ಸಹಜವಾಗಿ ಹೇಳಿದಳು: "ನೀವು ತುಸು ಹೊರಸಿನ ಮ್ಯಾಲ ಕೂಡ್ರಿ. ಉಮಾಕಾಂತರಾವ್ ಬಂದಾರ."

ಗ್ರಾಮಸೇವಕ ಎದ್ದ. ಹೊರಸು ಅವನನ್ನು ಅರ್ಧ ನುಂಗಿತು. ಉಮಾಕಾಂತ ಖುರ್ಚಿಯ ತುದಿಯಲ್ಲಿ, ಯಾವ ಗಳಿಗೆಯಲ್ಲಾದರೂ ಎಬ್ಬಿಸಬಹುದೆಂಬಂತೆ ಕೂತ. ಆ ಖುರ್ಚಿಗಾಗಿ ಎಷ್ಟು ಹಂಬಲಿಸಿದ್ದ! ಈಗ ಕೂತರೆ ಮೈಗೆಲ್ಲ ಮುಳ್ಳು ಚುಚ್ಚಿದ ಹಾಗೆ. ಅತ್ತೆ ಹೋಳಿಗೆಯ ಮೇಲೆ ತುಪ್ಪ ಸುರಿದಳು, ಅವನು ಸಾಕು ಎಂದಷ್ಟೂ ಸುರಿದಳು. ಹೇಳಬೇಕು ಎಂದು ಅವನ ಒಳಗಿನವ ಹೇಳುತ್ತಿದ್ದ. ಉಂಡು ಹೇಳಿದರಾಯಿತು ಎಂದು ಹೊರಗಿನವ ಉಂಡ.

ಕೈ ತೊಳೆಯುವಷ್ಟರಲ್ಲಿ ಫೋನು ಬಂತು. ಉದಗೀರದ ಒಂದು ಕಾಲೇಜಿನಿಂದ ವಿಜಯಶ್ರೀ ಎಂಬ ಮೇಡಂ. ಕಂಪ್ಯೂಟರು ಕಲಿಸುವವರು. ಫ್ಲೆಕ್ಸಿನ ಫೋಟೊ, ಅದರ ಮೇಲಿದ್ದ ನಂಬರಿನ ಸಮೇತ, ಅಲ್ಲಿಗೂ ಮುಟ್ಟಿತ್ತು.

"ಮರಾಠಿ ಅಕ್ಷರದ ಪ್ರಿಂಟು ಸರಿ ಮಾಡಿ ಕಳಿಸಿದವರು ನೀವೇ ಏನ್ರಿ?"

ಅತ್ತೆ, ಹೆಂಡತಿ, ಶಿವಾಜಿ, ಹೊರಸಿನಲ್ಲಿ ಮುಳುಗಿದ ಗ್ರಾಮಸೇವಕ, ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. "ಹೌದ್ರಿ ಮೇಡಂ" ಎಂದ.

ಮೇಡಂ ಅವನ ಹೆಸರನ್ನು ಇನ್ನೊಮ್ಮೆ ಕೇಳಿ ಬರೆದುಕೊಂಡರು. ಆಮೇಲೆ ಮೇಡಂ ಮೆಲ್ಲಗೆ ಹೇಳಿದರು: "ಚಲೋ ಆಯ್ತು ಬಿಡ್ರಿ. ನಮ್ಮ ಕಾಲೇಜಿಗಿ ಬರ್ರಿ. ಸತ್ಕಾರ ಮಾಡ್ತೀವಿ. ಹ್ಯಾಂಗ ಮಾಡಿದ್ರಿ ಅಂತ ವಿದ್ಯಾರ್ಥಿಗಳ ಮುಂದ ಹೇಳ್ರಿ."

ಸತ್ಕಾರ ಎಂಬ ಮಾತು ಮರಾಠವಾಡದಲ್ಲಿ ಒಮ್ಮೆ ಬಾಯಿಂದ ಬಿದ್ದರೆ ಅದನ್ನು ಹಿಂದಕ್ಕೆ ಪಡೆಯಲು ಯಾರಿಂದಲೂ ಆಗದು. ಉಮಾಕಾಂತ ಜ್ವರ ಎಂದ. ಅತ್ತೆ ಕಷಾಯ ಕುಡಿಸಿದಳು. ಬೆನ್ನುನೋವು ಎಂದ. ಶಿವಾಜಿ ಮೆತ್ತನೆ ಸೀಟಿನ ಜೀಪು ತಂದ. ಮಾಕಣಿಯಿಂದ ಅಪ್ಪ ಅಂಬಣ್ಣನೂ ಹೊಸ ರುಮಾಲು ಸುತ್ತಿಕೊಂಡು, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದ. ಸಾರಿಕಾ, ಅತ್ತೆ ಇಬ್ಬರೂ ಹತ್ತಿ ಕೂತರು, ಜೀಪಿನ ನೆತ್ತಿಯ ಮೇಲೆ ಫ್ಲೆಕ್ಸನ್ನು ಸುರುಳಿ ಸುತ್ತಿ ಕಟ್ಟಿದರು.

ದಾರಿಯಲ್ಲಿ ಅಂಬಣ್ಣ ಮಗನ ಕಿವಿಯ ಹತ್ತಿರ ಬಂದು ಕೇಳಿದ: "ತಮ್ಮಾ, ಎಲ್ಲಾರೂ ಕೇಳ್ಲಾಕತ್ಯಾರ, ನಂಗ ಹೇಳ್ಲಾಕ ಬರಂಗಿಲ್ಲ. ನೀ ಮಾಡಿದ್ದರ ಏನೋ?"

ಉಮಾಕಾಂತ ಸೋತು ಹೋಗಿದ್ದ. ನಿಜದ ಹತ್ತಿರಕ್ಕೆ ಹೋಗುವ ಧೈರ್ಯ ಅಷ್ಟೇ ಉಳಿದಿತ್ತು. "ಬ್ಯಾರೆ ಹಟ್ಟಿ ಕುರಿ ತಂದು, ಬಣ್ಣ ತೊಳದು, ನಮ್ಮ ಗುರುತು ಹಚ್ಚಿ ಇನ್ನೊಂದು ಹಟ್ಟಿಗಿ ಬಿಟ್ಟಂಗ ಅಪ್ಪಾ."

"ಅಷ್ಟೇ ಏನು!" ಎಂದು ಅಂಬಣ್ಣ ಮೀಸೆ ಸವರಿಕೊಂಡ. ಅವನಿಗೆ ಎಲ್ಲ ಅರ್ಥವಾಯಿತು, ಮತ್ತು ಅದೇ ಆಪತ್ತಾಯಿತು.

ಉದಗೀರದ ಕಾಲೇಜಿನ ಸಭಾಂಗಣ ತುಂಬಿತ್ತು. ಪ್ರಾಚಾರ್ಯರು ಉಮಾಕಾಂತನಿಗೆ ಕೇಸರಿ ಪೇಟ ಸುತ್ತಿಸಿದರು, ಶಾಲು ಹೊದಿಸಿದರು, ಕೈಗೆ ತೆಂಗಿನಕಾಯಿ ಕೊಟ್ಟರು. ಹಿಂದೆ ರಾಕೆಟ್ಟಿನ ಫ್ಲೆಕ್ಸು. ವಿಜಯಶ್ರೀ ಮೇಡಂ ವೇದಿಕೆಯ ಬದಿಗೆ ಕೂತಿದ್ದರು, ಮುಖದಲ್ಲಿ ನಗುವೂ ಇಲ್ಲ ಸಿಟ್ಟೂ ಇಲ್ಲ. ಪ್ರಾಚಾರ್ಯರು ತಂದೆಯವರೂ ಎರಡು ಮಾತು ಹೇಳಲಿ ಎಂದರು. ಉಮಾಕಾಂತ ಬೇಡ ಎಂದು ಕೈ ಎತ್ತಿದ, ಕೈಯಲ್ಲಿ ತೆಂಗಿನಕಾಯಿ ಇದ್ದುದರಿಂದ ಅದು ಆಶೀರ್ವಾದದಂತೆ ಕಂಡಿತು. ಮಂದಿ ಚಪ್ಪಾಳೆ ತಟ್ಟಿದರು.

ಅಂಬಣ್ಣ ಮೈಕು ಹಿಡಿದ. ಕುರಿಗಳನ್ನು ಕೂಗಿ ಬೆಳೆದ ಗಂಟಲಿಗೆ ಮೈಕು ಬೇಕಿರಲಿಲ್ಲ.

"ನಾ ಓದಿದಾಂವ ಅಲ್ರಿ. ಖರೆ ನನ್ನ ಮಗ ಏನ್ ಮಾಡ್ಯಾನ ಅಂತ ಹೇಳ್ತೀನಿ ಕೇಳ್ರಿ. ಒಬ್ಬರ ಹಟ್ಟಿ ಕುರಿ ತಂದ. ಅದರ ಬೆನ್ನಿನ ಬಣ್ಣ ತೊಳದ. ಹೆಂಗ ತೊಳದ ಅಂದ್ರ, ಹೆತ್ತ ತಾಯಿ ಬಂದ್ರೂ ಗುರುತು ಸಿಗಬಾರದು! ಆಮ್ಯಾಲ ತನ್ನ ಗುರುತು ಹಚ್ಚಿ ಬಿಟ್ಟ. ಈ ಕೆಲಸ ಅಂವಗ ಯಾರು ಕಲಿಸ್ಯಾರ? ನಾ ಕಲಿಸೀನಿ!"

ಭಾರೀ ಚಪ್ಪಾಳೆ. ಯಾರಿಗೂ ಏನೂ ತಿಳಿಯಲಿಲ್ಲವಾದ್ದರಿಂದ ಎಲ್ಲರೂ ತಟ್ಟಿದರು. ಶಿವಾಜಿ ಸೀಟಿ ಹೊಡೆದ. ತಟ್ಟದೆ ಇದ್ದವರು ವಿಜಯಶ್ರೀ ಮೇಡಂ ಒಬ್ಬರೇ. ಅವರು ಎದ್ದು ಅಂಬಣ್ಣನ ಹತ್ತಿರ ಬಂದರು.

"ಕಾಕಾ, ಒಂದು ಮಾತು ಕೇಳಲೇನ್ರಿ? ಆ ಕುರಿ ಕೊಂಡು ತಂದಿದ್ರೇನು?"

"ಕೊಳ್ಳಲಾರದ ಕುರಿ ಬಣ್ಣ ಯಾರು ತೊಳೀತಾರವಾ?" ಎಂದು ಅಂಬಣ್ಣ ನಕ್ಕ. ನಗುತ್ತಲೇ ಮಗನ ಕಡೆ ತಿರುಗಿದ. "ಕೊಂಡದ್ದೇ ಅಲ್ಲೇನೋ ತಮ್ಮಾ?"

ಮಗನ ಮುಖ ನೋಡಿದ ಮೇಲೆ ಅಂಬಣ್ಣನ ನಗು ಹೋಯಿತು. ಮೈಕನ್ನು ಮೇಜಿನ ಮೇಲೆ ಇಟ್ಟುಬಿಟ್ಟ. ಹೆಗಲ ಮೇಲಿನ ಕಂಬಳಿಯನ್ನು ಎದೆಯ ಮೇಲೆ ಎಳೆದುಕೊಂಡು, ಚಳಿಯಾದವನ ಹಾಗೆ ಕೂತ.

ಉಮಾಕಾಂತ ಎದ್ದ. ಊರಿನವರ ನಿಜವನ್ನೆಲ್ಲ ಕುಟ್ಟಿಕೊಟ್ಟವನಿಗೆ ನಿಜ ಹೇಳುವ ದಾರಿ ಗೊತ್ತಿದ್ದದ್ದು ಒಂದೇ. ತೆಂಗಿನಕಾಯಿಯನ್ನು ಎದೆಗೊತ್ತಿಕೊಂಡು ಶುರುಮಾಡಿದ:

"ನಾನು, ಉಮಾಕಾಂತ ತಂದೆ ಅಂಬಣ್ಣ, ಧಂದೆ ಟೈಪಿಂಗ್, ವಾಸ ಉಮರ್ಗಾ, ಪ್ರಮಾಣ ಮಾಡಿ ಹೇಳೂದೇನಂದ್ರ, ಮರಾಠಿ ಅಕ್ಷರ ಸರಿ ಮಾಡೂ ಆ ಕೋಡು ನಾ ಬರದಿಲ್ಲ. ದೊಡ್ಡಮನ್ಯಾಗ ವಿ. ಕೆ. ಅನ್ನೋರು ಬರದಿದ್ದು ನಾ ಸಣ್ಣಮನಿಗಿ ತಂದೀನಿ. ತರೂದಕ್ಕ ಅಡ್ಡಿ ಇರಲಿಲ್ಲ. ಅವರ ಹೆಸರು ತಗದು ನಂದು ಹಾಕೀನಿ. ಕೇಳಿದ್ರ ನಂದೇ ಅಂದೀನಿ. ಮ್ಯಾಲ ಹೇಳಿದ್ದೆಲ್ಲಾ ನಿಜ. ಸುಳ್ಳಾದ್ರ ನಾನೇ ಜವಾಬ್ದಾರ."

ಹಿಂದಿನ ಸಾಲಿನಲ್ಲಿ ಒಬ್ಬ ಅಭ್ಯಾಸಬಲದಿಂದ ಚಪ್ಪಾಳೆ ಶುರುಮಾಡಿ, ಯಾರೂ ಜೊತೆಗೂಡದ್ದು ಕಂಡು ನಿಲ್ಲಿಸಿದ.

"ಫೋನಿನ್ಯಾಗ ಕೇಳಿದ್ರ ಹೌದ್ರಿ ಅಂದ್ರಿ," ಎಂದರು ವಿಜಯಶ್ರೀ ಮೇಡಂ. "ಎದುರಿಗಿ ಕೇಳಿದ್ರ ಏನಂತೀರಿ ನೋಡಬೇಕಿತ್ತು, ಅದಕ್ಕ ಕರಸಿದೆ. ವಿ. ಕೆ. ಅಂದ್ರ ನಾನೇ ರೀ. ವಿಜಯಶ್ರೀ ಕಾಶೆಪ್ಪ." ಅವರ ದನಿ ಈಗ ಸಣ್ಣಗಾಯಿತು. "ನಮ್ಮ ಕಾಲೇಜಿನ ಪ್ರಶ್ನಪತ್ರಿಕಿ ಪ್ರಿಂಟ್ ಆಗ್ತಿರಲಿಲ್ಲಂತ ಕೂತು ಬರದಿದ್ದೆ. ಇಲ್ಲಿ ಬೋರ್ಡಿನ ಮ್ಯಾಲ, ಬಾಗಿಲ ಮ್ಯಾಲ, ಎಲ್ಲೂ ನನ್ನ ಹೆಸರಿಲ್ಲ. ಅಷ್ಟು ದೊಡ್ಡ ಜಗತ್ತಿನ್ಯಾಗ ಅದೊಂದ ಕಡಿ ಇತ್ತು. ನಮ್ಮ ಅಪ್ಪಗ ತೋರ್ಸಿದ್ದೆ."

ಅಮೆರಿಕದ ಬಿಳಿಯನೊಬ್ಬ ಸಿಟ್ಟಾಗಿ ಬೈದಿದ್ದರೆ ಉಮಾಕಾಂತ ತಡೆದುಕೊಳ್ಳುತ್ತಿದ್ದ. ಉದಗೀರದ ಈ ಹೆಣ್ಣುಮಗಳು ತನ್ನ ಅಪ್ಪನಿಗೆ ತೋರಿಸಿದ್ದೆ ಎಂದಾಗ ಅವನಿಗೆ ತಲೆ ಎತ್ತಲಾಗಲಿಲ್ಲ. ತಲೆ ತಗ್ಗಿಸಿದರೆ ಸಡಿಲಾದ ಪೇಟ ಕಣ್ಣಿನ ಮೇಲೆ ಜಾರಿತು. ಅದನ್ನು ಮೇಲೆ ಮಾಡುವ ಗೋಜಿಗೆ ಹೋಗಲಿಲ್ಲ.

"ಮತ್ತ ಈಗೇನ್ ಮಾಡ್ಲಿ ಮೇಡಂ?" ಎಂದ ಪೇಟದ ಒಳಗಿನಿಂದ.

"ತೊಳದದ್ದು ತಿರುಗಿ ಹಚ್ಚ್ರಿ."

ಕಂಪ್ಯೂಟರಿನ ಮುಂದೆ ಕೂಡಿಸಿದರು. ಅವನು ಮಾಡುವುದೆಲ್ಲ ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಇಡೀ ಸಭೆಗೆ ಕಾಣುತ್ತಿತ್ತು. ತನ್ನ ಹೆಸರನ್ನು ಅಳಿಸಿದ. ಕಣ್ಣು ಮುಚ್ಚಿ ಅಫಿಡವಿಟ್ಟು ಕುಟ್ಟುವ ಬೆರಳುಗಳು ಆ ಒಂದು ಹೆಸರು ಕುಟ್ಟಲಿಕ್ಕೆ ಮತ್ತೆ ಮತ್ತೆ ತಪ್ಪಿದವು. ಬರೆದವರು ವಿಜಯಶ್ರೀ ಕಾಶೆಪ್ಪ, ಉದಗೀರ. ಅದರ ಕೆಳಗೆ ಬಹಳ ಸಣ್ಣದಾಗಿ, ತಂದವ ಉಮಾಕಾಂತ ಎಂದು ಹಾಕಲೇ ಎಂದು ಕೇಳಿದ. ಮೇಡಂ ಹೂಂ ಎಂದರು. ಸಣ್ಣಮನೆಯ ಹಿರಿಯನಿಗೂ ನಡೆದದ್ದನ್ನು ಹಾಗೆಯೇ ಬರೆದು, ಕ್ಷಮೆ ಕೇಳಿ ಕಳಿಸಿದ. ಈ ಸಲ 'ಯಸ್ ಸರ್' ಎಂದಿರಲಿಲ್ಲ.

ಅಷ್ಟರಲ್ಲಿ ಸಾರಿಕಾ ವೇದಿಕೆ ಹತ್ತಿ ಬಂದಳು. ಗಂಡನ ಮುಖ ನೋಡಲಿಲ್ಲ. ಅವನ ಹೆಗಲಿನ ಶಾಲು ತೆಗೆದುಕೊಂಡು, ಕೊಡವಿ, ಮಡಿಚಿ, ಮೇಡಂ ಅವರಿಗೆ ಹೊದಿಸಿದಳು. "ಅಕ್ಕಾರ, ತಪ್ಪಾಯ್ತ್ರಿ" ಎಂದು ಅವಳೇ ಹೇಳಿದಳು. ಹಿಂದಿರುಗುವಾಗ ಜೀಪಿನಲ್ಲಿ ಅವಳು ಅಮ್ಮನ ಪಕ್ಕ ಕೂತಳು. ನಿಲಂಗಾದ ದಾರಿಯಲ್ಲಿ ಅಂಬಣ್ಣ ಒಮ್ಮೆ, "ನಾ ಕಲಿಸೀನಿ ಅಂದುಬಿಟ್ಟೆನಲ್ಲೋ, ಅಷ್ಟು ಮಂದಿ ಮುಂದ" ಎಂದ.

ದಿನಗಳು ಕಳೆದವು. ಸಾರಿಕಾ ಮೊದಲು ಬರೀ ಊಟಕ್ಕೆ ಕರೆದಳು, ಆಮೇಲೆ ಮಾತೂ ಆಡಿದಳು. ದತ್ತಾತ್ರಿ ಕಿಟಕಿಯಿಂದ "ಏ ಟೈಪಿಂಗ್!" ಎಂದು ಕೂಗತೊಡಗಿದ, ಅದು ಉಮಾಕಾಂತನಿಗೆ ಹಿತವೆನಿಸಿತು. ಕೈ ಇರುವ ಖುರ್ಚಿ ಗ್ರಾಮಸೇವಕನಿಗೆ ಮರಳಿತು. ಅತ್ತೆಗೆ ಕೆಮ್ಮು ಪೂರ್ತಿ ವಾಸಿಯಾಗಿ, "ತಹಸೀಲ್ ಕಚೇರಿ ಮುಂದ, ಬೇವಿನ ಗಿಡದ ಬುಡಕ ಇರ್ತಾರ" ಎಂದು ಸ್ವಚ್ಛವಾಗಿ ಹೇಳತೊಡಗಿದಳು.

ಮೊದಲ ಮಳೆ ಬಿದ್ದಾಗ ಉಮಾಕಾಂತ ನಿಲಂಗಾಕ್ಕೆ ಹೋದ. ಹಿತ್ತಲಿಗೆ ಬಂದು ನೋಡಿದರೆ, ಅತ್ತೆಯ ಕುರಿಹಟ್ಟಿಯ ಮಾಡಿನ ಮೇಲೆ ನೀಲಿ ಕೋಟು ಹಾಕಿಕೊಂಡು ತಾನೇ ಕೈಮುಗಿದು ಮಲಗಿದ್ದಾನೆ. ಹೊಟ್ಟೆಯ ಮೇಲೆ ಗಾಳಿಗೆ ಹಾರದಂತೆ ಕಲ್ಲು ಹೇರಿದ್ದಾರೆ. ರಾಕೆಟ್ಟಿನ ಮೇಲಿಂದ ನೀರು ಇಳಿಯುತ್ತಿದೆ. ಇಂಥ ಗಟ್ಟಿ ಫ್ಲೆಕ್ಸನ್ನು ನಮ್ಮ ಕಡೆ ಯಾರೂ ಬಿಸಾಡುವುದಿಲ್ಲ.

"ಅತ್ತಿ, ಅದನ್ನ ತಿರುಗಿಸಿಯಾದ್ರೂ ಹಾಕಬಾರದೇನ್ರಿ? ಮಾರಿ ತೆಳಗ ಮಾಡಿ?"

"ತೆಳಗ ಮಾಡಿದ್ರ ಕುರಿ ದಿನಾ ನಿಮ್ಮ ಮಾರಿ ನೋಡಬೇಕಾಗ್ತದ. ಬೆದರತಾವು," ಎಂದಳು ಶಿವಗಂಗಾಬಾಯಿ, ಮೇವು ಹಾಕುತ್ತ. "ಇರ್ಲಿ ಬಿಡ್ರಿ. ಸೋರಂಗಿಲ್ಲ."

ಉಮಾಕಾಂತ ಬಗ್ಗಿ ಒಳಗೆ ನೋಡಿದ. ಕುರಿಗಳೆಲ್ಲ ಬೆನ್ನ ಮೇಲೆ ಅತ್ತೆಯ ಮನೆಯ ಕೆಂಪು ಗುರುತು ಹೊತ್ತು ಒತ್ತೊತ್ತಾಗಿ ನಿಂತಿದ್ದವು. ಮೂಲೆಯಲ್ಲಿ ಒಂದರ ಬೆನ್ನು ಮಾತ್ರ ನೀಲಿ.

"ಇದ್ಯಾರದ್ರಿ?"

"ಪಕ್ಕದೂರವರದು. ಮಳಿಗಿ ತಪ್ಪಿಸ್ಕೊಂಡು ಬಂದದ. ಅವರು ಹುಡಿಕ್ಯಾಡ್ಕೋತ ಬರೂ ತನಕ ಇಲ್ಲೇ ಇರ್ತದ." ಅತ್ತೆ ಮೇವಿನ ಕೈಯನ್ನು ಅಲ್ಲೇ ನಿಲ್ಲಿಸಿ ಅಳಿಯನ ಕಡೆ ತಿರುಗಿದಳು. "ನೀವು ಮಾತ್ರ ಅದರ ಹತ್ತಿರ ಹೋಗಬ್ಯಾಡ್ರಿ."

ಉಮಾಕಾಂತ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಮಳೆಯಲ್ಲೇ ದೂರ ಸರಿದು ನಿಂತ.